ಒಳಗೆ ಬಿಟ್ಟ ಸ್ಟೆಂಟ್‌ಗೂ ಒಂದು ತಾರೀಖು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಪಿತ್ತನಾಳದ ಕಲ್ಲಿನ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಇರುವ ಉದ್ದ ಕೊಳವೆ ಇಳಿಸಿ ಕಲ್ಲು ತೆಗೆಯುತ್ತಾರೆ, ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು ಎಂದು ಅದರಲ್ಲಿತ್ತು. ತಪ್ಪೇನೂ ಇಲ್ಲ. ಹೆಚ್ಚಿನವರಿಗೆ ಹಾಗೇ ಆಗುತ್ತದೆ. ಆದರೆ ಕಲ್ಲು ದೊಡ್ಡದಾಗಿದ್ದರೆ ಏನು ಗತಿ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಒಂದು ಸಾಲು ಗೊತ್ತಿಲ್ಲದೆ ನಮ್ಮ ಯಜಮಾನರು ಸಾವಿನ ಬಾಗಿಲ ತನಕ ಹೋಗಿ ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಸಾಧ್ಯವಾದರೆ ಕತ್ತರಿಸದೆ ಹಾಕಿ.

ಅವರಿಗೆ 71 ವರ್ಷ. ಒಂಬತ್ತು ವರ್ಷದ ಹಿಂದೆಯೇ ಪಿತ್ತಕೋಶ ತೆಗೆಸಿಕೊಂಡಿದ್ದರು. ಹಾಗಾಗಿ ಕಲ್ಲಿನ ಕಾಟ ಮುಗಿಯಿತು ಎಂದೇ ನಾವು ನಂಬಿದ್ದೆವು. ಒಂದು ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ ಬೆನ್ನಿಗೆ ಹೊಡೆಯಿತು. ಗ್ಯಾಸ್ ಇರಬೇಕು ಎಂದು ಸುಮ್ನೆ ಇದ್ದರು. ಮೂರನೇ ದಿನ ಮೂತ್ರ ಕಡು ಬಣ್ಣಕ್ಕೆ ತಿರುಗಿತು, ಮಲ ಬೆಳ್ಳಗಾಯಿತು, ಅಂಗೈ ಅಂಗಾಲು ಕೆರೆದುಕೊಳ್ಳಲು ಶುರುಮಾಡಿದರು. ಕಿಟಕಿ ಹತ್ತಿರ ಕೂರಿಸಿ ಕಣ್ಣು ನೋಡಿದೆ. ಹಳದಿ.

ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಕಲ್ಲು ಕಾಣಲಿಲ್ಲ. ಪಿತ್ತನಾಳ ಹಿಗ್ಗಿದೆ ಅಂತ ಮಾತ್ರ ಬಂತು. ನಾಳದ ಕೆಳತುದಿಯ ಮುಂದೆ ಕರುಳು ಇರುತ್ತದೆ, ಅದರಲ್ಲಿನ ಗಾಳಿ ಅಡ್ಡ ಬಂದು ಆ ಭಾಗವೇ ಮರೆಯಾಗುತ್ತದಂತೆ. ಅದಕ್ಕೆ ಎಂಆರ್‌ಸಿಪಿ ಮಾಡಿಸಿದರು. ಇದು ಎಂಆರ್‌ಐ ಯಂತ್ರದಲ್ಲೇ ಪಿತ್ತನಾಳದ ಚಿತ್ರ ತೆಗೆಯುವ ಪರೀಕ್ಷೆ. ಅದರಲ್ಲಿ ಎಲ್ಲ ಸ್ಪಷ್ಟವಾಯಿತು. ಸಾಮಾನ್ಯವಾಗಿ 6 ಮಿಲಿಮೀಟರ್ ಆಸುಪಾಸು ಇರಬೇಕಾದ ನಾಳ ಇವರಿಗೆ 20 ಮಿಲಿಮೀಟರ್ ಆಗಿತ್ತು. ಒಳಗೆ 18 ಮಿಲಿಮೀಟರಿನ ಒಂದು ಕಲ್ಲು, ಪಕ್ಕದಲ್ಲಿ ಎರಡು ಚಿಕ್ಕವು.

"ಪಿತ್ತಕೋಶವೇ ಇಲ್ಲವಲ್ಲ, ಕಲ್ಲು ಎಲ್ಲಿಂದ ಬಂತು?" ಎಂದು ಕೇಳಿದೆ. ಪಿತ್ತಕೋಶ ಒಂದು ಚೀಲ ಅಷ್ಟೇ, ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ ಎಂದು ವೈದ್ಯರು ಬಿಡಿಸಿ ಹೇಳಿದರು. ಚೀಲ ತೆಗೆದರೂ ರಸ ಹರಿಯುವ ನಾಳ ಇದ್ದೇ ಇರುತ್ತದೆ. ಹಿಂದೆ ಜಾರಿ ಬಂದ ಸಣ್ಣ ಕಲ್ಲು ಅಲ್ಲಿ ಉಳಿದಿರಬಹುದು. ರಸ ಸರಿಯಾಗಿ ಹರಿಯದೆ ನಿಂತರೆ ನಾಳದಲ್ಲೇ ಹೊಸದಾಗಿ ಕಟ್ಟಿಕೊಳ್ಳಲೂಬಹುದು. ಪಿತ್ತಕೋಶ ತೆಗೆಸಿಕೊಂಡವರು ಇದನ್ನು ನೆನಪಿಟ್ಟುಕೊಳ್ಳಬೇಕು. ವರ್ಷಗಳ ನಂತರ ಕಣ್ಣು ಹಳದಿಯಾದರೆ "ನನಗೆ ಕಲ್ಲು ಬರಲು ಸಾಧ್ಯವೇ ಇಲ್ಲ" ಎಂದು ಕೂರಬೇಡಿ.

ಇಆರ್‌ಸಿಪಿ ಮಾಡುತ್ತೇವೆ ಎಂದರು. ನಿಮ್ಮ ಲೇಖನದಲ್ಲಿದ್ದ, ಎಂಡೋಸ್ಕೋಪ್ ಇಳಿಸಿ ಕಲ್ಲು ತೆಗೆಯುವ ವಿಧಾನದ ಹೆಸರೇ ಅದು. ಒಂದು ಹಾಳೆ ತೆಗೆದುಕೊಂಡು ಪೆನ್ಸಿಲ್‌ನಲ್ಲಿ ಚಿತ್ರ ಬರೆದು ತೋರಿಸಿದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಹೊಟ್ಟೆ ದಾಟಿದ ಮೇಲೆ ಸಣ್ಣಕರುಳಿನ ಮೊದಲ ಭಾಗದ ಗೋಡೆಯಲ್ಲಿ ಒಂದು ಪುಟ್ಟ ಉಬ್ಬು ಇರುತ್ತದೆ. ಪಿತ್ತನಾಳವೂ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ನಾಳವೂ ಬಂದು ತೆರೆಯುವುದು ಅಲ್ಲೇ. ಅದು ಪಕ್ಕದ ಗೋಡೆಯಲ್ಲಿರುವುದರಿಂದ ಈ ಕೆಲಸದ ಎಂಡೋಸ್ಕೋಪಿನ ಕಣ್ಣೂ ತುದಿಯಲ್ಲಿರದೆ ಪಕ್ಕಕ್ಕೆ ಇರುತ್ತದೆ. ಆ ಬಾಯಿಯೊಳಗೆ ತಂತಿ ತೂರಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು, ಕಲ್ಲು ನೋಡುತ್ತಾರೆ. ಬಾಯಿಯನ್ನು ಬಿಗಿ ಹಿಡಿದಿರುವ ಸ್ನಾಯುವನ್ನು ವಿದ್ಯುತ್ ತಂತಿಯಿಂದ ಸ್ವಲ್ಪ ಕೊಯ್ದು ಅಗಲ ಮಾಡುತ್ತಾರೆ. ಆಮೇಲೆ ಬಲೂನ್ ಅಥವಾ ತಂತಿಯ ಬುಟ್ಟಿ ಬಳಸಿ ಕಲ್ಲನ್ನು ಕರುಳಿಗೆ ಎಳೆದು ಹಾಕುತ್ತಾರೆ. ಅದು ಮಲದ ಜೊತೆ ಹೋಗುತ್ತದೆ. ಈ ಕೊಯ್ಯುವ ವಿಧಾನವನ್ನು 1974ರಲ್ಲಿ ಜರ್ಮನಿಯ ವೈದ್ಯರೂ ಜಪಾನಿನ ವೈದ್ಯರೂ ಬೇರೆ ಬೇರೆಯಾಗಿ ಮೊದಲ ಸಲ ಪ್ರಕಟಿಸಿದರಂತೆ. ಅದಕ್ಕೂ ಮುಂಚೆ ಈ ಕಲ್ಲಿಗೆ ಹೊಟ್ಟೆ ಕೊಯ್ಯುವುದೊಂದೇ ದಾರಿ. ಎಪ್ಪತ್ತು ದಾಟಿದವರಿಗೆ ಅದೆಷ್ಟು ಕಷ್ಟವಾಗಿರಬೇಡ!

ಚಿತ್ರದ ಕೊನೆಗೆ ವೈದ್ಯರು ನಾಳದ ಕೆಳಭಾಗಕ್ಕೆ ಒಂದು ಸುತ್ತು ಹಾಕಿದರು. "ತೊಂದರೆ ಇರುವುದು ಇಲ್ಲಿ" ಅಂದರು. ನಾಳ ಮೇಲೆ ಅಗಲ, ಕೆಳಗೆ ಬರಬರುತ್ತಾ ಕಿರಿದು. ಸಣ್ಣ ಕಲ್ಲು ಜಾರಿ ಬರುತ್ತದೆ. 15 ಮಿಲಿಮೀಟರ್ ದಾಟಿತು ಅಂದರೆ ಬಾಟಲಿಯೊಳಗೆ ಸಿಕ್ಕಿಕೊಂಡ ಗೋಲಿಯ ಹಾಗೆ. ಕಲ್ಲು ನಾಳದ ತುಂಬ ಕೂತಿದ್ದರೆ ಅದರ ಸುತ್ತ ಬುಟ್ಟಿ ಬಿಚ್ಚಿಕೊಳ್ಳಲೂ ಜಾಗ ಇರುವುದಿಲ್ಲ. ಹೇಗೋ ಹಿಡಿದು ಜೋರಾಗಿ ಎಳೆದರೆ ಬುಟ್ಟಿಯೇ ಕಲ್ಲಿನ ಸಮೇತ ಅಲ್ಲಿ ಸಿಕ್ಕಿಬೀಳಬಹುದು. ಹತ್ತರಲ್ಲಿ ಎಂಟು ಒಂಬತ್ತು ಜನರಿಗೆ ಕೊಯ್ದು, ಬಲೂನ್ ಅಥವಾ ಬುಟ್ಟಿ ಹಾಕಿದರೆ ಕೆಲಸ ಮುಗಿಯುತ್ತದೆ. ನಮ್ಮವರು ಉಳಿದವರ ಸಾಲಿಗೆ ಸೇರಿದ್ದರು.

ಮೊದಲ ಸಲ ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆ ಹತ್ತು ನಿಮಿಷ ಆಯಿತು. ವೈದ್ಯರು ಹೊರಗೆ ಬಂದು, ಚಿಕ್ಕ ಕಲ್ಲು ಎರಡೂ ಬಂದವು, ದೊಡ್ಡದು ಬರಲಿಲ್ಲ, ಒಳಗೆ ಸೋಂಕೂ ಇದೆ, ಈಗ ಜಾಸ್ತಿ ಒದ್ದಾಡುವುದು ಬೇಡ, ಸ್ಟೆಂಟ್ ಹಾಕಿದ್ದೇನೆ ಎಂದರು. ಸ್ಟೆಂಟ್ ಅಂದರೆ ಪ್ಲಾಸ್ಟಿಕ್ ಕೊಳವೆ. ಹತ್ತು ಸೆಂಟಿಮೀಟರ್ ಉದ್ದ, ಮೂರು ಮಿಲಿಮೀಟರಿಗಿಂತ ಚೂರು ಜಾಸ್ತಿ ದಪ್ಪ. ಕಲ್ಲಿನ ಪಕ್ಕದಲ್ಲೇ ನುಸುಳಿ ನಿಂತು ಪಿತ್ತರಸಕ್ಕೆ ದಾರಿ ಮಾಡಿಕೊಡುತ್ತದೆ. ಅದರ ಪಕ್ಕ ಉಜ್ಜಿ ಉಜ್ಜಿ ಎಷ್ಟೋ ಸಲ ಕಲ್ಲು ಸವೆದು ಚಿಕ್ಕದಾಗುವುದೂ ಉಂಟಂತೆ. ಆಗ ಮುಂದಿನ ಸಲ ತೆಗೆಯುವುದು ಸುಲಭ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವತ್ತು ವೈದ್ಯರು ಮಾಡಿದ್ದು ಸರಿ. ಹಟ ಹಿಡಿದು ಎಳೆದಿದ್ದರೆ ರಕ್ತ ಸೋರಬಹುದಿತ್ತು, ಕರುಳು ಹರಿಯಬಹುದಿತ್ತು. ನಿಲ್ಲಿಸುವುದಕ್ಕೂ ಅನುಭವ ಬೇಕು. ಸ್ಟೆಂಟ್ ಹಾಕಿದ ಎರಡೇ ದಿನಕ್ಕೆ ಜ್ವರ ಇಳಿಯಿತು, ವಾರದಲ್ಲಿ ಕಣ್ಣು ಬೆಳ್ಳಗಾಯಿತು. ಆ ಕೊಳವೆ ಅವರ ಜೀವ ಉಳಿಸಿತು.

ನನ್ನ ದೂರು ಇರುವುದು ಆಮೇಲೆ ನಡೆದುದರ ಬಗ್ಗೆ. ಅಥವಾ ನಡೆಯದೆ ಹೋದುದರ ಬಗ್ಗೆ.

ಮನೆಗೆ ಕಳಿಸುವಾಗ ಕೊಟ್ಟ ಫೈಲಿನಲ್ಲಿ ನಾಲ್ಕು ಹಾಳೆ ಇದ್ದವು. ಮಾತ್ರೆಗಳ ಪಟ್ಟಿ ದೊಡ್ಡದಾಗಿತ್ತು, ಹೊತ್ತು ಹೊತ್ತಿನ ಲೆಕ್ಕ ಇತ್ತು. ಸ್ಟೆಂಟ್ ವಿಷಯ ಮೂರನೇ ಹಾಳೆಯ ನಡುವೆ, ವೈದ್ಯರಿಗಷ್ಟೇ ಅರ್ಥವಾಗುವ ತುಂಡು ಅಕ್ಷರಗಳಲ್ಲಿ ಇತ್ತು. ಕೊನೆಯಲ್ಲಿ "ಫಾಲೋ ಅಪ್‌ಗೆ ಬರುವುದು" ಎಂದಿತ್ತು. ಯಾವಾಗ? ಯಾಕೆ? ಬರದಿದ್ದರೆ ಏನು? ಇದು ಯಾವುದೂ ಇರಲಿಲ್ಲ. ಬಾಯಲ್ಲಿ ಯಾರೋ ಒಬ್ಬರು "ಸ್ವಲ್ಪ ದಿನ ಬಿಟ್ಟು ಬಂದು ತೋರಿಸಿ" ಎಂದ ನೆನಪು. ನಾವು ಹದಿನೈದು ದಿನಕ್ಕೆ ಹೋದೆವು. ಅವತ್ತು ಬೇರೆ ವೈದ್ಯರಿದ್ದರು. ರಕ್ತ ಪರೀಕ್ಷೆ ನೋಡಿ "ಎಲ್ಲ ಚೆನ್ನಾಗಿದೆ" ಎಂದರು. ಎಲ್ಲ ಚೆನ್ನಾಗಿದೆ ಅಂದ ಮೇಲೆ ಎಲ್ಲ ಮುಗಿಯಿತು ಅಂತಲೇ ಅಲ್ವಾ ನಾವು ತಿಳಿಯುವುದು?

ಅವರು ನಿಜಕ್ಕೂ ಚೆನ್ನಾಗಿದ್ದರು. ಮೊದಲಿನಂತೆ ಓಡಾಡಿದರು. ನೋವಿಲ್ಲ, ತುರಿಕೆಯಿಲ್ಲ. ಸ್ಟೆಂಟ್ ಒಳಗಿದೆ ಎಂಬ ಅರಿವೇ ಆಗುವುದಿಲ್ಲ. ಇದರ ದೊಡ್ಡ ಅಪಾಯವೇ ಅದು. ನೋಯುವ ಗಾಯವಾದರೆ ತಾನೇ ನೆನಪು ಮಾಡುತ್ತದೆ. ಈ ಕೊಳವೆ ಸುಮ್ಮನೆ ಕೂತಿರುತ್ತದೆ. ಕೂತಲ್ಲೇ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ಕರುಳಿನ ಸೂಕ್ಷ್ಮಾಣುಗಳು ಕೊಳವೆಯ ಒಳಗೋಡೆಗೆ ಅಂಟಿ ಪದರ ಕಟ್ಟುತ್ತವೆ. ಪಿತ್ತರಸದ ಗಸಿ ಅದರ ಮೇಲೆ ಕೂರುತ್ತದೆ. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದು ನೇರವಾಗಿದೆ. ಕಲ್ಲು ತೆಗೆಯಲಾಗದೆ ಹಾಕಿದ ತಾತ್ಕಾಲಿಕ ಪ್ಲಾಸ್ಟಿಕ್ ಸ್ಟೆಂಟನ್ನು 3ರಿಂದ 6 ತಿಂಗಳೊಳಗೆ ತೆಗೆಯಬೇಕು, ಇಲ್ಲವೇ ಬದಲಿಸಬೇಕು. ನಮ್ಮವರ ಹೊಟ್ಟೆಯಲ್ಲಿ ಅದು ಇದ್ದದ್ದು 13 ತಿಂಗಳು.

ಹದಿಮೂರನೇ ತಿಂಗಳ ಒಂದು ಸಂಜೆ ಅವರಿಗೆ ಚಳಿ ಬಂತು. ಸಾಮಾನ್ಯ ಚಳಿಯಲ್ಲ, ಮಂಚ ಅಲುಗಾಡುವಂಥ ನಡುಕ. ಮೂರು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಆಮೇಲೆ 103 ಡಿಗ್ರಿ ಜ್ವರ. ಬೆಳಗಿನ ಜಾವ ನನ್ನನ್ನು ನೋಡಿ "ನೀನು ಯಾರು?" ಎಂದು ಕೇಳಿದರು. ನಲವತ್ತಾರು ವರ್ಷ ಜೊತೆಗಿದ್ದವರು. ಆಸ್ಪತ್ರೆಗೆ ತಲುಪುವಾಗ ರಕ್ತದೊತ್ತಡ 84ಕ್ಕೆ ಇಳಿದಿತ್ತು. ಹಳದಿ ಕಣ್ಣು, ನಡುಕದ ಜ್ವರ, ಬಲಹೊಟ್ಟೆಯ ನೋವು ಈ ಮೂರು ಒಟ್ಟಿಗೆ ಬಂದರೆ ಪಿತ್ತನಾಳದಲ್ಲಿ ಕೀವಾಗುತ್ತಿದೆ ಎಂದು ವೈದ್ಯರು ಮೊದಲು ಯೋಚಿಸುತ್ತಾರೆ. ಅದರ ಮೇಲೆ ರಕ್ತದೊತ್ತಡ ಕುಸಿದು ಪ್ರಜ್ಞೆಯೂ ಕದಡಿದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ. ಇವರಿಗೆ ಐದೂ ಇದ್ದವು.

ತುರ್ತು ವಿಭಾಗದ ಹುಡುಗ ವೈದ್ಯ ಕೇಳಿದ ಮೊದಲ ಪ್ರಶ್ನೆ "ಒಳಗೆ ಏನಾದರೂ ಸ್ಟೆಂಟ್ ಇದೆಯಾ?" ನಾನು ಫೈಲ್ ಕೊಟ್ಟೆ. ಅವನು ಮೂರನೇ ಹಾಳೆಗೆ ಬಂದು ನಿಂತ. ತಾರೀಖು ನೋಡಿದ. ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ.

ಮೂವತ್ತೊಂದು ವರ್ಷ ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಒಂದು ಪುಸ್ತಕ ಹೊರಗೆ ಹೋದರೆ ವಾಪಸ್ ಬರಬೇಕಾದ ದಿನವನ್ನು ಅದರ ಕೊನೆಯ ಹಾಳೆಯ ಚೀಟಿಯಲ್ಲಿ ಒತ್ತಿ ಕಳಿಸುತ್ತಿದ್ದೆವು. ಅದೇ ತಾರೀಖು ನಮ್ಮ ರಿಜಿಸ್ಟರಿನಲ್ಲೂ ಇರುತ್ತಿತ್ತು. ದಿನ ದಾಟಿದರೆ ಪತ್ರ ಹೋಗುತ್ತಿತ್ತು. ಮತ್ತೆ ದಾಟಿದರೆ ಇನ್ನೊಂದು. ಹರಿದ ಹಳೇ ಪುಸ್ತಕಕ್ಕೂ ಇದನ್ನು ಮಾಡುತ್ತಿದ್ದೆವು. ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಾಗ ನನ್ನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ನನ್ನ ಗಂಡನ ಹೊಟ್ಟೆಯಲ್ಲಿ ಒಂದು ಕೊಳವೆ ಇಟ್ಟು ಕಳಿಸಿದರು. ಅದು ವಾಪಸ್ ಬರಬೇಕಾದ ದಿನವನ್ನು ಎಲ್ಲೂ ಬರೆಯಲಿಲ್ಲ. ಬರಲಿಲ್ಲ ಎಂದು ಯಾರಿಗೂ ಗೊತ್ತಾಗಲೂ ಇಲ್ಲ.

ಅವತ್ತೇ ಮಧ್ಯಾಹ್ನ ಹಳೇ ಸ್ಟೆಂಟ್ ತೆಗೆದು ಹೊಸದು ಹಾಕಿದರು. ಕೀವು ಸುರಿಯಿತು ಎಂದರು. ತೆಗೆದ ಕೊಳವೆಯನ್ನು ನನಗೆ ತೋರಿಸಿದರು. ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಕಪ್ಪು ಕಂದು ಗಸಿ ಗಟ್ಟಿಯಾಗಿ ತುಂಬಿತ್ತು. ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ನಾಲ್ಕು ದಿನ ಐಸಿಯು, ಒಟ್ಟು ಹನ್ನೊಂದು ದಿನ ಆಸ್ಪತ್ರೆ. ಈ ಸಲ ಹೊರಡುವ ಮುಂಚೆ ನಾನೇ ಹಟ ಹಿಡಿದು, ಮುಂದಿನ ಇಆರ್‌ಸಿಪಿ ದಿನವನ್ನು ಫೈಲಿನ ಮೊದಲ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿಕೊಂಡೆ.

ಮೂರು ವಾರದ ನಂತರ ಕೊನೆಗೂ ಆ ಕಲ್ಲು ಹೊರಬಂತು. ಹೇಗೆ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೊಡ್ಡ ಕಲ್ಲು ಅಂದ ತಕ್ಷಣ ಕೈಚೆಲ್ಲುವವರಿಗೆ ಗೊತ್ತಾಗಲಿ.

ಮೊದಲು ಹಳೆಯ ಕೊಯ್ತದ ಜಾಗದಲ್ಲಿ ದೊಡ್ಡ ಬಲೂನ್ ಇಟ್ಟು ಹಿಗ್ಗಿಸಿದರು. ಇದಕ್ಕೆ 12ರಿಂದ 20 ಮಿಲಿಮೀಟರ್ ತನಕದ ಬಲೂನ್‌ಗಳಿವೆ. ನಾಳ ಎಷ್ಟು ಅಗಲವಿದೆಯೋ ಅದಕ್ಕಿಂತ ದೊಡ್ಡದನ್ನು ಹಾಕಬಾರದು, ಹರಿಯುತ್ತದೆ. ಇವರ ನಾಳದ ಕೆಳತುದಿ ನೋಡಿ 15ರದ್ದು ಆರಿಸಿದರು. ಗಾಳಿಯಲ್ಲ, ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿಸುತ್ತಾರೆ. ಬಲೂನಿನ ನಡುವೆ ಮೊದಲು ಒಂದು ಸೊಂಟ ಕಾಣುತ್ತದೆ, ಬಿಗಿ ಇರುವ ಜಾಗ ಅದು. ನಿಧಾನಕ್ಕೆ ತುಂಬಿಸುತ್ತಾ ಹೋದರೆ ಆ ಸೊಂಟ ಮಾಯವಾಗುತ್ತದೆ. ಆಗ ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೇ ಹಿಡಿದು ಇಳಿಸುತ್ತಾರೆ. ಎಷ್ಟೋ ದೊಡ್ಡ ಕಲ್ಲುಗಳು ಇಷ್ಟಕ್ಕೇ ಬಂದುಬಿಡುತ್ತವಂತೆ. ನಮ್ಮದು ಬರಲಿಲ್ಲ.

ಆಗ ಉಳಿಯುವುದು ಒಳಗೇ ಒಡೆಯುವುದು. ಇದಕ್ಕೆ ಹಳೆಯ ದಾರಿ ಎಂದರೆ ಗಟ್ಟಿ ತಂತಿಯ ಬುಟ್ಟಿಯಲ್ಲಿ ಕಲ್ಲನ್ನು ಹಿಡಿದು, ಲೋಹದ ಕವಚದ ಕಡೆಗೆ ತಿರುಪಿನಿಂದ ಬಿಗಿದು ಪುಡಿ ಮಾಡುವುದು. 1980ರ ದಶಕದಿಂದ ಬಳಕೆಯಲ್ಲಿದೆ, ಈಗಲೂ ಒಳ್ಳೆಯ ಆಯುಧ. ಆದರೆ ಕಲ್ಲು ಬುಟ್ಟಿಯೊಳಗೆ ಬರಬೇಕಲ್ಲ. ಇವರಿಗೆ ಬಳಸಿದ್ದು ಕೊಲಾಂಜಿಯೋಸ್ಕೋಪ್. ದೊಡ್ಡ ಎಂಡೋಸ್ಕೋಪಿನ ಒಳಗಿನಿಂದಲೇ ಪೆನ್ಸಿಲಿಗಿಂತ ತೆಳುವಾದ ಇನ್ನೊಂದು ಕ್ಯಾಮೆರಾ ನೇರವಾಗಿ ಪಿತ್ತನಾಳದೊಳಗೆ ಹೋಗುತ್ತದೆ. ಎಕ್ಸ್‌ರೇಯ ನೆರಳು ನೋಡಿ ಊಹಿಸಬೇಕಿಲ್ಲ, ಕಲ್ಲನ್ನೇ ಕಣ್ಣಾರೆ ನೋಡಬಹುದು. ಅದರ ತುದಿಯಿಂದ ಲೇಸರ್ ತಂತಿ ಚಾಚಿ, ಉಪ್ಪುನೀರು ಹರಿಸುತ್ತಾ, ಕಲ್ಲಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಾಳದ ಗೋಡೆಗೆ ತಾಗದಂತೆ ನೋಡಿಕೊಳ್ಳುವುದೇ ಜಾಣತನ. ಲೇಸರ್ ಬದಲು ವಿದ್ಯುತ್ ಕಿಡಿಯಿಂದ ಒಡೆಯುವ ಉಪಕರಣವೂ ಇದೆ.

ಆಮೇಲೆ ನನಗೆ ಫೋಟೋ ತೋರಿಸಿದರು. ಮೊದಲನೆಯದರಲ್ಲಿ ಹಳದಿ ಕಂದು ಬಣ್ಣದ ಒಂದು ಬಂಡೆ ಸುರಂಗದ ಬಾಯಿ ಮುಚ್ಚಿ ಕೂತಿತ್ತು. ಎರಡನೆಯದರಲ್ಲಿ ಅದರ ಮೇಲೆ ಬಿರುಕು. ನಾಲ್ಕನೆಯದರಲ್ಲಿ ಚೂರುಚೂರು. ಕೊನೆಯದರಲ್ಲಿ ಏನೂ ಇರಲಿಲ್ಲ, ತಿಳಿ ಗುಲಾಬಿ ಬಣ್ಣದ ಖಾಲಿ ನಾಳ. ಆ ಕೊನೆಯ ಚಿತ್ರ ನೋಡಿ ನಾನು ಅಲ್ಲೇ ಅತ್ತುಬಿಟ್ಟೆ.

ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಇಆರ್‌ಸಿಪಿ ಆದವರಲ್ಲಿ ಕೆಲವರಿಗೆ ಪ್ಯಾಂಕ್ರಿಯಾಸ್ ಉರಿಯೂತ ಬರುತ್ತದೆ, ಅದನ್ನು ತಡೆಯಲು ಗುದದ್ವಾರದಲ್ಲಿ ಇಂಡೋಮೆಥಸಿನ್ ಮಾತ್ರೆ ಇಟ್ಟಿದ್ದೇವೆ ಎಂದು ಮೊದಲೇ ತಿಳಿಸಿದ್ದರು. ಮರುದಿನ ರಕ್ತ ಪರೀಕ್ಷೆ ಸರಿಯಿತ್ತು. ಹೊಟ್ಟೆ ನೋವಿರಲಿಲ್ಲ. ಈ ಸಲ ಸ್ಟೆಂಟ್ ಹಾಕಲಿಲ್ಲ. ನಾಳ ಪೂರ್ತಿ ಖಾಲಿಯಾದ್ದರಿಂದ ಬೇಕಾಗಲಿಲ್ಲ.

ಈಗ ಆಸ್ಪತ್ರೆಗಳನ್ನು ನಡೆಸುವವರಿಗೆ ನನ್ನ ಮನವಿ. ಸ್ಟೆಂಟ್ ಹಾಕಿದ ಪ್ರತಿ ರೋಗಿಗೂ ಬೇರೆಯೇ ಒಂದು ಚೀಟಿ ಕೊಡಿ. ಫೈಲಿನ ನಡುವೆ ಅಲ್ಲ, ಕೈಗೆ. ರೋಗಿ ಓದುವ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಮೂರು ಮಾತು ಸಾಕು: ನಿಮ್ಮ ಪಿತ್ತನಾಳದಲ್ಲಿ ಸ್ಟೆಂಟ್ ಇದೆ. ಕಲ್ಲು ಇನ್ನೂ ಒಳಗಿದೆ. ಇಂಥ ತಾರೀಖಿನೊಳಗೆ ಬರಲೇಬೇಕು. ಎಂಡೋಸ್ಕೋಪಿ ಕೋಣೆಯಲ್ಲಿ ಒಂದು ರಿಜಿಸ್ಟರ್ ಇಡಿ, ಬಾರದವರಿಗೆ ಫೋನ್ ಮಾಡಿ. ಇದಕ್ಕೆ ಹೊಸ ಯಂತ್ರ ಬೇಡ, ತಜ್ಞರೂ ಬೇಡ. ತಿಂಗಳಿಗೊಮ್ಮೆ ಒಬ್ಬರು ಅರ್ಧ ದಿನ ಕೂತರೆ ಆಗುವ ಕೆಲಸ. ನಾನು ಮೂವತ್ತೊಂದು ವರ್ಷ ಮಾಡಿದ ಕೆಲಸವೇ ಅದು, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ವೈದ್ಯರಿಗೂ ಒಂದು ಮಾತು. ಕಲ್ಲು ಒಡೆಯುವ ಸೌಲಭ್ಯ ನಿಮ್ಮಲ್ಲಿ ಇಲ್ಲದಿದ್ದರೆ ಹಾಗೆಂದು ಹೇಳಿ, ಇರುವ ಕಡೆಗೆ ಕಳಿಸಿ. ಅದರಿಂದ ನಿಮ್ಮ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ವಯಸ್ಸಾಗಿ ತೀರಾ ಬಲಹೀನರಾದವರಿಗೆ ಕಲ್ಲು ತೆಗೆಯದೆ ಸ್ಟೆಂಟನ್ನೇ ಮುಂದುವರಿಸುವ ನಿರ್ಧಾರವನ್ನೂ ಕೆಲವೊಮ್ಮೆ ಮಾಡುತ್ತಾರೆ ಎಂದು ಕೇಳಿದ್ದೇನೆ. ಅಂಥವರ ಮನೆಯವರಿಗಂತೂ ಇನ್ನೂ ಬಿಡಿಸಿ ಹೇಳಬೇಕು. ನಡುಕದ ಜ್ವರ ಬಂದರೆ ಬೆಳಗಾಗುವ ತನಕ ಕಾಯಬೇಡಿ ಎಂದು ಹೇಳಬೇಕು. ನಾನು ಕಾದೆ. ಆ ರಾತ್ರಿ ಕಾದ ಏಳು ತಾಸು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮನೆಯವರು ಕೇಳಬೇಕಾದ ಪ್ರಶ್ನೆಗಳನ್ನೂ ನಾನು ಈಗ ಕಲಿತಿದ್ದೇನೆ. ಕಲ್ಲು ಎಷ್ಟು ದೊಡ್ಡದು? ಪೂರ್ತಿ ಬಂತಾ, ಉಳಿದಿದೆಯಾ? ಒಳಗೆ ಏನಾದರೂ ಬಿಟ್ಟಿದ್ದೀರಾ? ಬಿಟ್ಟಿದ್ದರೆ ತಾನಾಗಿ ಬೀಳುತ್ತದಾ, ನೀವೇ ತೆಗೆಯಬೇಕಾ? ಈ ಕೊನೆಯದು ಮುಖ್ಯ. ಪ್ಯಾಂಕ್ರಿಯಾಸ್ ನಾಳಕ್ಕೆ ಹಾಕುವ ಸಣ್ಣ ಸ್ಟೆಂಟ್ ಹೆಚ್ಚಾಗಿ ತಾನೇ ಜಾರಿ ಹೋಗುತ್ತದೆ. ಯಾರೋ ಅದರ ಬಗ್ಗೆ ಹೇಳಿದ್ದನ್ನು ಕೇಳಿ, ಪಿತ್ತನಾಳದ್ದೂ ಹಾಗೇ ಎಂದು ನಂಬಿ ಕೂತವರನ್ನು ಆಸ್ಪತ್ರೆಯ ವಾರ್ಡಿನಲ್ಲೇ ನೋಡಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಅವರು ಕೇಳುವ ಮುಂಚೆಯೇ ಹೇಳಿ. ಕೊಯ್ಯುವಾಗ ರಕ್ತ ನಿಲ್ಲುವುದು ಕಷ್ಟವಾಗಬಹುದು.

ಸಂಪಾದಕರೇ, ನಿಮ್ಮ ಆರೋಗ್ಯ ಪುಟವನ್ನು ತುಂಬಾ ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ನಾನೂ ಇಟ್ಟುಕೊಳ್ಳುತ್ತೇನೆ. ಮುಂದಿನ ಸಲ ಪಿತ್ತನಾಳದ ಕಲ್ಲಿನ ಬಗ್ಗೆ ಬರೆಯುವಾಗ ಸ್ಟೆಂಟ್ ಎಂಬ ಪದವನ್ನೂ, 3ರಿಂದ 6 ತಿಂಗಳು ಎಂಬ ಲೆಕ್ಕವನ್ನೂ ಸೇರಿಸಿ.

ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಇಆರ್‌ಸಿಪಿ ಆಗಿದ್ದರೆ ಇವತ್ತೇ ಆ ಫೈಲ್ ತೆಗೆಯಿರಿ. ಪ್ರತಿ ಹಾಳೆಯನ್ನೂ ನೋಡಿ. ಸ್ಟೆಂಟ್ ಎಂಬ ಪದ ಸಿಕ್ಕಿ, ಅದನ್ನು ತೆಗೆದ ದಾಖಲೆ ಸಿಗದಿದ್ದರೆ ನಾಳೆ ಬೆಳಗ್ಗೆ ವೈದ್ಯರಿಗೆ ಫೋನ್ ಮಾಡಿ.

ಇತಿ,
ನಿವೃತ್ತ ಗ್ರಂಥಪಾಲಕಿ, ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು